ಬೆನ್ನಿಲ್ಲದ ಅರಸರು

ಆಗೆಲ್ಲ ನಮ್ಮ ಮನೆಯಲ್ಲಿ ಕ್ರಿಸ್‌ಮಸ್ ಒಂದೇ ದಿನಕ್ಕೆ ಮುಗಿಯುತ್ತಿರಲಿಲ್ಲ. ಹಬ್ಬದೂಟವಾಗಿ, ಹೊಸ ಬಟ್ಟೆ ಮಡಿಸಿಟ್ಟು, ಅಕ್ಕಪಕ್ಕದವರಿಗೆ ಕಜ್ಜಾಯ ಹಂಚಿದ ಮೇಲೆ ಬೇರೆ ಮನೆಗಳು ಮಾಮೂಲಿಗೆ ಬಂದರೆ, ನಮ್ಮಲ್ಲಿ ಅರ್ಧ ಕೆಲಸ ಇನ್ನೂ ಬಾಕಿ ಇರುತ್ತಿತ್ತು. ಕೂಸು ಯೇಸುವನ್ನು ನೋಡಲು ಹೊರಟ ಮೂವರು ಅರಸರ ಗೊಂಬೆಗಳು ಇನ್ನೂ ದಾರಿಯಲ್ಲೇ ಇದ್ದವು. ಆ ಅರಸರನ್ನು ಜನವರಿ ಆರನೇ ತಾರೀಖಿನ ಅವರ ಹಬ್ಬಕ್ಕೆ ಕೂಸು ಮಲಗಿದ ಗೋದಲಿ ಮುಟ್ಟಿಸುವ ಹೊಣೆ ನನ್ನದು ಮತ್ತು ನನ್ನ ತಂಗಿ ಸಹಾಯಳದು.

ತೊಂಬತ್ತರ ದಶಕದ ಕೊನೆ. ಮದರಾಸಿನ ವಡಪಳನಿಯಲ್ಲಿ ಸಿನಿಮಾ ಸ್ಟುಡಿಯೋ ಒಂದರ ಹಿಂಗೋಡೆಗೆ ಅಂಟಿಕೊಂಡ ಗಲ್ಲಿಯಲ್ಲಿ ನಮ್ಮದು ಒಂದೂವರೆ ಕೋಣೆಯ ಬಾಡಿಗೆ ಪೋರ್ಷನ್ನು. ಮಾರ್ಗಳಿ ತಿಂಗಳ ಬೆಳಗಿನ ಜಾವ ಮುರುಗನ್ ಗುಡಿಯ ಹಾಡು ಕೇಳುತ್ತ, ನಮ್ಮ ಬಾಗಿಲ ಮೇಲಿನ ಕೆಂಪು ಕಾಗದದ ನಕ್ಷತ್ರದ ಬೆಳಕಿನಲ್ಲಿ ಪಕ್ಕದ ಮನೆಯ ಸೆಲ್ವಿ ಅಕ್ಕ ಕೋಲ ಎನ್ನುವ ರಂಗೋಲಿ ಹಾಕುತ್ತಿದ್ದಳು. ಮಧ್ಯೆ ಸಗಣಿಯ ಉಂಡೆ, ಅದರ ಮೇಲೆ ಕುಂಬಳದ ಹೂವು. ನಕ್ಷತ್ರ ಇರುವಷ್ಟು ದಿನ ತನಗೆ ಟಾರ್ಚು ಬೇಡ ಎನ್ನುತ್ತಿದ್ದಳು.

ಅಪ್ಪ ಚಿನ್ನಪ್ಪ ಸೆಟ್ಟುಗಳಿಗೆ ಪ್ಲಾಸ್ಟರ್ ಅಚ್ಚಿನ ಕೆಲಸ ಮಾಡುತ್ತಿದ್ದರು. ಕನ್ನಡದ ಪಿಕ್ಚರುಗಳು ಮದರಾಸಿನಲ್ಲೇ ತಯಾರಾಗುತ್ತಿದ್ದ ಕಾಲಕ್ಕೆ ಕೊಳ್ಳೇಗಾಲದ ಕಡೆಯಿಂದ ಬಂದವರು. ಪಿಕ್ಚರುಗಳು ಊರಿಗೆ ವಾಪಸಾದವು, ಅಪ್ಪ ಆಗಲಿಲ್ಲ. ಪ್ಲಾಸ್ಟರ್‌ಗೆ ಯಾವ ಭಾಷೆ ಆದರೇನು ಎನ್ನುತ್ತಿದ್ದರು. ಅರಮನೆಯ ಕಂಬ, ಗುಡಿಯ ಸಿಂಹ, ಕೋಟೆಯ ಕಲ್ಲು, ಏನು ಕೇಳಿದರೂ ಮಾಡುತ್ತಿದ್ದರು. ಆದರೆ ಎಲ್ಲವೂ ಮುಂದಿನ ಅರ್ಧ ಮಾತ್ರ. ಹಿಂದಕ್ಕೆ ಹೋದರೆ ತೆಂಗಿನ ನಾರು, ಸೀಳಿದ ಮರದ ರೀಪು, ಟೊಳ್ಳು. “ಕ್ಯಾಮೆರಾ ಹಿಂದಕ್ಕೆ ಬರಲ್ಲ” ಎನ್ನುವುದು ಅವರ ಕಸುಬಿನ ಮೊದಲ ಪಾಠ.

ನಮ್ಮ ಗೋದಲಿಯ ಗೊಂಬೆಗಳನ್ನೂ ಅಪ್ಪ ಹಾಗೇ ಮಾಡಿದ್ದರು. ಮುಂದಿನಿಂದ ನೋಡಿದರೆ ಅರಸರ ಗಡ್ಡದ ಒಂದೊಂದು ಕೂದಲೂ ಎಣಿಸುವಂತಿತ್ತು, ಚಿನ್ನದ ಅಂಚಿನ ನಿಲುವಂಗಿ ಗಾಳಿಗೆ ಹಾರಿದಂತಿತ್ತು. ಹಿಂದಿನಿಂದ ಅವು ಒಡೆದ ಮಡಕೆಯ ಚೂರುಗಳು. ಆದ್ದರಿಂದ ಅರಸರು ಪ್ರಯಾಣ ಮಾಡುವಾಗ ಟೊಳ್ಳು ಕಾಣದಂತೆ ಗೋಡೆಗೆ ಒರಗಿಕೊಂಡು, ಮುಖ ನಮ್ಮ ಕಡೆ ಮಾಡಿ, ಅಡ್ಡಡ್ಡ ಸರಿಯಬೇಕಾಗಿತ್ತು. ಏಡಿ ಥರ ನಡೀತಾರೆ ಎಂದು ಸಹಾಯ ಹೇಳಿ ಒಮ್ಮೆ ಬೈಸಿಕೊಂಡಿದ್ದಳು.

ಬೈದದ್ದು ಅಜ್ಜಿ, ಅಪ್ಪನ ತಾಯಿ. ಮೈಸೂರಿನಲ್ಲಿ ಕನ್ಯಾಸ್ತ್ರೀಯರ ಹಾಸ್ಟೆಲಿನಲ್ಲಿ ಬಹಳ ವರ್ಷ ಅಡುಗೆ ಮಾಡಿದವಳು. ಅಲ್ಲಿ ಏಳುವುದಕ್ಕೆ ಗಂಟೆ, ಉಣ್ಣುವುದಕ್ಕೆ ಗಂಟೆ, ಸುಮ್ಮನಿರುವುದಕ್ಕೂ ಗಂಟೆ. ನಮ್ಮ ಮನೆಯಲ್ಲಿ ಗಂಟೆ ಇರಲಿಲ್ಲ, ಅಜ್ಜಿ ಇದ್ದಳು. ಅರಸರ ದಾರಿಯನ್ನು ಗೊತ್ತು ಮಾಡಿದ್ದೂ ಅವಳೇ. ಅಡುಗೆಮನೆಯ ಉಪ್ಪಿನ ಜಾಡಿಯ ಪಕ್ಕದಿಂದ ಹೊರಟು ಹಿಟ್ಟಿನ ಡಬ್ಬ, ಹೊಲಿಗೆ ಯಂತ್ರ, ಟೀವಿ, ಕಿಟಕಿಕಟ್ಟೆ, ಕೊನೆಗೆ ಗೋದಲಿ. ಸಂಜೆ ಮಣಿ ಎಣಿಸಿ ಪ್ರಾರ್ಥಿಸುವ ಜಪಸರ ಮುಗಿದ ಮೇಲೆ ಮಾತ್ರ ಅವರು ಸ್ವಲ್ಪ ಮುಂದೆ ಹೋಗಬಹುದು. ಒಂದು ದಿನ ನಾನು, ಒಂದು ದಿನ ಸಹಾಯ. ಬೇರೆ ಹೊತ್ತಿನಲ್ಲಿ ಮುಟ್ಟುವಂತಿಲ್ಲ. ನನಗೆ ಈ ವ್ಯವಸ್ಥೆ ಬಹಳ ಇಷ್ಟ. ನನಗೆ ಹನ್ನೊಂದು ವರ್ಷ, ಸಹಾಯಳಿಗೆ ಆರು. ಅವಳಿಗೆ ಯಾವ ವ್ಯವಸ್ಥೆಯೂ ಇಷ್ಟವಿರಲಿಲ್ಲ.

ಆ ವರ್ಷ ಹಬ್ಬ ಮುಗಿದು ಅಪ್ಪ ಕೆಲಸಕ್ಕೆ ಹೋದ ಮೊದಲ ದಿನವೇ ಅದು ನಡೆಯಿತು. ಮಧ್ಯಾಹ್ನ. ಅಜ್ಜಿ ನಮ್ಮಿಬ್ಬರನ್ನೂ ಮೊರದ ಮುಂದೆ ಕೂರಿಸಿ ಅಕ್ಕಿಯಲ್ಲಿ ಕಲ್ಲು ಆರಿಸಲು ಹಚ್ಚಿದ್ದಳು. ಸೆಲ್ವಿ ಅಕ್ಕನ ಗಂಡ ದುರೈ ಮಾಮ ಬಾಗಿಲಲ್ಲಿ ಬಂದು ನಿಂತರು. ಅಪ್ಪನ ಸ್ಟುಡಿಯೋದಲ್ಲೇ ಲೈಟು ಎತ್ತುವ ಕೆಲಸ ಅವರದು. ಬನಿಯನ್ನು ಬೆವರಿನಿಂದ ಅಂಟಿಕೊಂಡಿತ್ತು.

“ಪಾಟೀ, ಅಕ್ಕಾ ಇರುಕ್ಕಾ?” ಎಂದರು. ಅವರಿಗೆ ಅಜ್ಜಿ ಪಾಟಿ, ಅಮ್ಮ ಅಕ್ಕ, ಅಪ್ಪ ಅಣ್ಣ.

“ನಮ್ ರೋಸಿ ಮಾರ್ಕೆಟ್ಟಿಗೋಗವ್ಳೆ. ಅದ್ಯಾಕೆ ಹಂಗೆ ಏದುಸಿರು ಬಿಡ್ತೀಯ, ಕೂತ್ಕೊ.”

“ಉಕ್ಕಾರ ನೇರಮಿಲ್ಲೆ ಪಾಟಿ. ಅಣ್ಣಾ ಮೇಲೇರ್ಂದು ವಿಳುಂದುಟ್ಟಾರು.”

ಕೂರಲು ಹೊತ್ತಿಲ್ಲ, ಅಣ್ಣ ಮೇಲಿನಿಂದ ಬಿದ್ದುಬಿಟ್ಟರು. ಅಜ್ಜಿಗೆ ಅಷ್ಟು ತಮಿಳು ಬರುತ್ತಿತ್ತು.

“ಉಸಿರೈತಾ?”

“ಇರುಕ್ಕು ಪಾಟಿ, ಪೇಸ್ರಾರು. ಕಾಲುದಾನ್…” ಮಾತಾಡುತ್ತಿದ್ದಾರೆ, ಆದರೆ ಕಾಲು. ಮಾಮ ತಮ್ಮ ಮೊಣಕಾಲಿನ ಕೆಳಗೆ ಕೈ ತೋರಿಸಿ ಅಲ್ಲಿಗೇ ನಿಲ್ಲಿಸಿದರು.

ಅಜ್ಜಿ ಎದ್ದು ಸ್ಟವ್ ಆರಿಸಿದಳು. “ಲೂರ್ದು, ಅಕ್ಕಿ ಮುಚ್ಚಿಡು, ಬೆಕ್ಕು ಬರ್ತದೆ” ಎಂದಳು. ನಾನು ಮುಚ್ಚಿಟ್ಟೆ. ಆಮೇಲೆ ಅವಳು ಅಡುಗೆಮನೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಒಳಗಿನಿಂದ ಒಂದು ಪಾತ್ರೆಯ ಸದ್ದೂ ಬರಲಿಲ್ಲ.

ಏನಾಯಿತೆಂದು ದುರೈ ಮಾಮ ಅಮ್ಮನಿಗೆ ಹೇಳುವಾಗ ಕೇಳಿಸಿಕೊಂಡೆ. ಅರಮನೆಯ ಅಂಗಳದ ಸೆಟ್ಟು. ಅಲ್ಲಿಯ ಬಾಲ್ಕನಿಯ ಕಲ್ಲುಹಾಸನ್ನು ಹಬ್ಬಕ್ಕೆ ಮೊದಲೇ ಅಪ್ಪ ಅಚ್ಚು ತೆಗೆದು ಕೂರಿಸಿದ್ದರು. ಅಪ್ಪ ಹಬ್ಬದ ರಜೆಯಲ್ಲಿದ್ದಾಗ ಅದರ ಕೆಳಗೆ ಬಡಗಿಗಳು ಹಲಗೆ, ಆಸರೆ ಹೊಡೆಯಬೇಕಾಗಿತ್ತು. ಹೊಡೆದಿರುತ್ತಾರೆ ಎಂದುಕೊಂಡು ಅಪ್ಪ ಒಂದು ಮೂಲೆ ತಿದ್ದುವುದಕ್ಕೆ ಮೇಲೆ ಹತ್ತಿದರು. ಕಲ್ಲು ಕಲ್ಲಿನಂತೆಯೇ ಕಂಡಿತು. ತಾವೇ ಮಾಡಿದ ಕಲ್ಲಿನ ಮೇಲೆ ತಾವೇ ಕಾಲಿಟ್ಟರು.

ಅವತ್ತು ಸಂಜೆ ಜಪಸರ ಸರಿಯಾದ ಹೊತ್ತಿಗೇ ನಡೆಯಿತು. ಅಮ್ಮನ ಜಾಗ ಖಾಲಿ, ಅಪ್ಪನ ಜಾಗ ಖಾಲಿ. ಸಹಾಯಳ ಸರದಿ. ಅವಳು ಅರಸರನ್ನು ಉಪ್ಪಿನ ಜಾಡಿಯಿಂದ ಹಿಟ್ಟಿನ ಡಬ್ಬದ ಮೇಲಕ್ಕೆ ತಂದಳು.

ಸರ್ಕಾರಿ ಆಸ್ಪತ್ರೆಯ ಆ ವಾರ್ಡಿಗೆ ಮಕ್ಕಳನ್ನು ಬಿಡುತ್ತಿರಲಿಲ್ಲ. ಅಮ್ಮ ಅಲ್ಲೇ ಉಳಿದಳು. ದಿನಕ್ಕೊಮ್ಮೆ ಬಸ್ಸಿನಲ್ಲಿ ಬಂದು, ಸ್ನಾನ ಮಾಡಿ, ಗಂಜಿಯ ಡಬ್ಬಿ ತೆಗೆದುಕೊಂಡು ಹೊರಟುಬಿಡುತ್ತಿದ್ದಳು. ಮನೆ ತುಂಬ ಇನ್ನೂ ಹಬ್ಬದ ವಾಸನೆ, ಬೆಲ್ಲ, ಏಲಕ್ಕಿ, ತುಪ್ಪ. ಅಮ್ಮ ಬಂದಾಗ ಮಾತ್ರ ಆಸ್ಪತ್ರೆಯ ಔಷಧಿಯ ಘಾಟು ಅದನ್ನೆಲ್ಲ ಒರೆಸಿ ಹಾಕುತ್ತಿತ್ತು. ಮೊದಲ ದಿನ ಬಟ್ಟೆಚೀಲದಲ್ಲಿ ಅಪ್ಪನ ಚಪ್ಪಲಿ ತಂದಳು. ಅಜ್ಜಿ ಎರಡನ್ನೂ ತಿಕ್ಕಿ ತೊಳೆದು, ಬಾಗಿಲ ಬಳಿ ಅವುಗಳ ಜಾಗದಲ್ಲೇ ಇಟ್ಟಳು.

“ಮೂಳೆ ಆಚೆ ಬಂದಿತ್ತಂತೆ ಅತ್ತೆ. ತೊಳ್ದು ಕಟ್ಟವ್ರೆ. ಜ್ವರ ಇಳೀತಿಲ್ಲ” ಎಂದು ಅಮ್ಮ ಅಜ್ಜಿಗೆ ಮೆಲ್ಲನೆ ಹೇಳಿದಳು. ನಮ್ಮ ಕಡೆ ತಿರುಗಿ, “ಅಪ್ಪ ಅರಸರ ಹಬ್ಬಕ್ಕೆ ಬಂದ್ಬಿಡ್ತಾರೆ” ಎಂದಳು. ಅವಳು ಹಾಗೆ ಹೇಳಬಾರದಿತ್ತು. ಬಾಯಿಗೆ ಬಂದದ್ದು ಅದೊಂದೇ ಸಮಾಧಾನವಿರಬೇಕು.

ಮರುದಿನ ಬೆಳಿಗ್ಗೆ ಎದ್ದು ನೋಡಿದರೆ ಅರಸರು ಟೀವಿಯ ಮೇಲಿದ್ದರು.

ನಾನು ಅವರನ್ನು ತೆಗೆದು ಹಿಟ್ಟಿನ ಡಬ್ಬದ ಮೇಲೆ ಇಟ್ಟೆ. ಹಲ್ಲುಜ್ಜಿ ಬರುವಷ್ಟರಲ್ಲಿ ಹೊಲಿಗೆ ಯಂತ್ರಕ್ಕೆ ಬಂದಿದ್ದರು. ಮತ್ತೆ ಹಿಂದಕ್ಕಿಟ್ಟೆ. ಸಹಾಯ ನನ್ನ ಜಡೆ ಹಿಡಿದು ಎಳೆದಳು. ನಾನು ಅವಳ ಕೈ ತಿರುಚಿದೆ. ಅಜ್ಜಿ ನಡುವೆ ಬಂದು ನಿಂತಳು.

“ಯಾರು ಮುಟ್ಟಿದ್ದು?”

“ಅವಂಗಳೇ ನಡಂದು ವಂದಾಂಗ” ಎಂದಳು ಸಹಾಯ. ಹೆದರಿದಾಗ ಅವಳ ಬಾಯಲ್ಲಿ ತಮಿಳೇ ಬರುತ್ತಿತ್ತು.

“ಅರಸ್ರಿಗೆ ತಮಿಳು ಬರಲ್ಲ. ನಮ್ ಭಾಷೇಲಿ ಹೇಳು.”

“ಅವ್ರೇ ನಡ್ಕೊಂಡು ಬಂದ್ರು ಅಜ್ಜಿ.”

“ಬೆನ್ನೇ ಇಲ್ದೋರು ಒಂದೇ ರಾತ್ರೀಲಿ ಅಷ್ಟು ದೂರನಾ?”

ಸಹಾಯ ನೆಲ ನೋಡಿದಳು. “ಬೇಗ ಬಂದ್ರೆ ಅಪ್ಪಾನೂ ಬೇಗ ಬರ್ತಾರೆ. ಅಮ್ಮ ಹೇಳಿದ್ರು.”

ಅಜ್ಜಿ ಬೈಯುತ್ತಾಳೆ ಎಂದು ಕಾದೆ. ಬೈಯಲಿಲ್ಲ. ಕಜ್ಜಾಯದ ಡಬ್ಬ ತೆಗೆದು ಇಬ್ಬರಿಗೂ ಒಂದೊಂದು ಕೊಟ್ಟಳು. “ದಾರಿ ನಡ್ದೇ ಸವೀಬೇಕು ಮಗ. ಎತ್ತಿ ಇಟ್ರೆ ಅದು ನಡ್ದಂಗಾಗಲ್ಲ” ಎಂದು ಅರಸರನ್ನು ತಾನೇ ಡಬ್ಬದ ಮೇಲಿಟ್ಟಳು. ಕಜ್ಜಾಯ ಅಷ್ಟು ಹೊತ್ತಿಗೆ ಗಟ್ಟಿಯಾಗಿತ್ತು. ಬಾಯಲ್ಲಿ ನೆನೆಸಿಕೊಂಡೇ ತಿನ್ನಬೇಕಾಗಿತ್ತು.

ಆಮೇಲಿನ ದಿನಗಳು ಒಂದೇ ತೆರ. ನಾನು ಕಸ ಗುಡಿಸಿದೆ, ನೀರು ಹಿಡಿದೆ, ಸಹಾಯಳಿಗೆ ತಲೆ ಬಾಚಿದೆ. ಪ್ರತಿಯೊಂದನ್ನೂ ಅದರದರ ಹೊತ್ತಿಗೆ ಮಾಡಿದೆ. ಹೊತ್ತು ತಪ್ಪಿದರೆ ಅಪ್ಪನಿಗೆ ಏನೋ ಆಗುತ್ತದೆ ಎನ್ನುವ ಹೆದರಿಕೆ ನನ್ನದು. ತಂಗಿಗೆ ಆತುರದ ಮೇಲೆ ನಂಬಿಕೆ, ನನಗೆ ಕ್ರಮದ ಮೇಲೆ. ಅಷ್ಟೇ ವ್ಯತ್ಯಾಸ. ಗಲ್ಲಿಯ ತುದಿಯ ಅಂಗಡಿಯಲ್ಲಿ ಫೋನಿತ್ತು. ಅದು ರಿಂಗಾದರೆ ನಮ್ಮ ಮನೆಯವರೆಗೆ ಕೇಳುತ್ತಿತ್ತು. ಪ್ರತಿ ಸಲವೂ ಅಜ್ಜಿಯ ಕೈ ಕೆಲಸದ ಮಧ್ಯೆ ನಿಲ್ಲುತ್ತಿತ್ತು. ಯಾರೂ ನಮ್ಮನ್ನು ಕರೆಯದಿದ್ದರೆ ಮತ್ತೆ ಚಲಿಸುತ್ತಿತ್ತು.

ಹೊಸ ವರ್ಷದ ದಿನ ಗಲ್ಲಿಯ ಹುಡುಗರು ಪಟಾಕಿ ಹೊಡೆದರು. ಸಂಜೆ ಅಮ್ಮ ಬಂದಳು. ಅವಳು ಬರುವ ಹೊತ್ತಲ್ಲ ಅದು. ಸ್ನಾನಕ್ಕೂ ಹೋಗದೆ ಹೊಸ್ತಿಲ ಮೇಲೇ ಕೂತಳು. ನಾನು ಹೊಲಿಗೆ ಯಂತ್ರದ ಹಿಂದೆ ಬಟ್ಟೆ ಮಡಿಸುತ್ತಿದ್ದೆ. ಅವಳಿಗೆ ಕಾಣಲಿಲ್ಲ.

“ನಂಜು ಮೇಲಕ್ಕೆ ಏರ್ತಿದೆಯಂತೆ ಅತ್ತೆ. ಇವತ್ತೊಂದು ರಾತ್ರಿ ನೋಡ್ತಾರಂತೆ. ಆಗ್ಲಿಲ್ಲ ಅಂದ್ರೆ ನಾಳೆ ಮಧ್ಯಾಹ್ನ ಕಾಲು ತೆಗೀತಾರೆ. ಸೈನ್ ಹಾಕು ಅಂತಾರೆ.”

“ತೆಗೀದಿದ್ರೆ?”

ಅಮ್ಮ ಗಂಜಿಯ ಖಾಲಿ ಡಬ್ಬಿಯನ್ನು ಪಕ್ಕಕ್ಕಿಟ್ಟಳು.

“ಚಿನ್ನಪ್ಪ ಏನಂದ?”

“ಏಣಿ ಹತ್ತೋ ಕಾಲು ಕಣೆ ಅಂದ್ರು. ಆಮೇಲೆ ಗೋಡೆ ಕಡೆ ತಿರುಗ್ಕೊಂಡ್ರು.”

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. ಮಗನ ಆ ಕಾಲನ್ನು ಎಣ್ಣೆ ಹಚ್ಚಿ ನೀವಿ ಬೆಳೆಸಿದವಳು ಅವಳು. “ಸೈನ್ ಹಾಕು” ಎಂದಳು. “ಅವ್ನು ಬೈದ್ರೆ ನಾನು ಹೇಳ್ದೆ ಅನ್ನು. ಈಗ ಎದ್ದು ಒಂದು ತುತ್ತು ತಿನ್ನು.”

ಅವತ್ತು ಅರಸರನ್ನು ನಡೆಸುವ ಸರದಿ ನನ್ನದು. ಟೀವಿಯ ಮೇಲಿಂದ ಒಬ್ಬೊಬ್ಬರನ್ನೇ ಎರಡೂ ಕೈಯಲ್ಲಿ ಎತ್ತಿ ಕಿಟಕಿಕಟ್ಟೆಗೆ ತಂದಿಟ್ಟೆ.

ಮರುದಿನ ಶುಕ್ರವಾರ. ಅಜ್ಜಿ ಬೆಳಿಗ್ಗೆಯಿಂದ ಎಲ್ಲ ಕೆಲಸ ಮಾಮೂಲಿನಂತೆ ಮಾಡಿದಳು. ನಮಗೆ ಅನ್ನ ಹಾಕಿದಳು, ತಾನು ತಟ್ಟೆ ಹಾಕಿಕೊಳ್ಳಲಿಲ್ಲ. ನಡುಮಧ್ಯಾಹ್ನ ಗೋದಲಿಯ ಮುಂದೆ ಚಾಪೆ ಹಾಸಿ, “ಬನ್ನಿ, ಜಪಸರ” ಎಂದಳು.

ಜಪಸರ ಸಂಜೆಗೆ. ನನಗೆ ಬುದ್ಧಿ ಬಂದಾಗಿನಿಂದ ಅದು ಬೇರೆ ಹೊತ್ತಿನಲ್ಲಿ ನಡೆದಿರಲಿಲ್ಲ. ನಾನು ಮಂಡಿಯೂರಿದೆ. ಅಜ್ಜಿ ಶಿಲುಬೆ ಗುರುತು ಹಾಕಿ ಸಂತೋಷದ ರಹಸ್ಯಗಳನ್ನು ಶುರು ಮಾಡಿದಳು. ದೇವದೂತ ಮರಿಯಮ್ಮನಿಗೆ ಸುದ್ದಿ ತಂದದ್ದು.

“ಅಜ್ಜಿ, ಇವತ್ತು ಶುಕ್ರವಾರ. ದುಃಖದ ರಹಸ್ಯಗಳು.”

ಜಪಸರದಲ್ಲಿ ನೆನೆಯುವ ಯೇಸುವಿನ ಬದುಕಿನ ಘಟನೆಗಳಿಗೆ ರಹಸ್ಯಗಳೆಂದು ಹೆಸರು. ವಾರದ ಯಾವ ದಿನ ಯಾವ ರಹಸ್ಯ ಎಂದು ನನಗೆ ಕಲಿಸಿದವಳೇ ಅವಳು. ಸೋಮವಾರ, ಗುರುವಾರ ಸಂತೋಷದ್ದು. ಮಂಗಳವಾರ, ಶುಕ್ರವಾರ ದುಃಖದ್ದು. ಜ್ವರ ಬಂದು ಮಲಗಿದಾಗಲೂ ಅವಳು ತಪ್ಪಿಸಿರಲಿಲ್ಲ.

“ಗೊತ್ತು” ಎಂದಳು. “ದುಃಖದ್ದು ನಾವು ಹೇಳೋದೇನು ಬೇಡ, ಅದು ತಾನೇ ನಡೀತಾ ಐತೆ. ಇನ್ನೂ ಹಬ್ಬ ಮುಗ್ದಿಲ್ಲ. ಸಂತೋಷದ್ದೇ ಹೇಳಾನ.”

ಹೇಳಿದೆವು. ಐದನೆಯ ರಹಸ್ಯಕ್ಕೆ ಬಂದೆವು, ಕಳೆದುಹೋದ ಬಾಲಯೇಸು ತಾಯಿತಂದೆಗೆ ದೇವಾಲಯದಲ್ಲಿ ಸಿಕ್ಕಿದ್ದು. ನಮೋ ಮರಿಯ ಜಪದ ನಡುವೆ ಅಜ್ಜಿಯ ದನಿ ನಿಂತಿತು. ಬೆರಳು ಒಂದೇ ಮಣಿಯ ಮೇಲೆ ಇತ್ತು. ಮುಂದಿನ ಮಾತು ಬರಲಿಲ್ಲ. ನಾನು ಹೇಳಬೇಕೆಂದು ಬಾಯಿ ತೆರೆದೆ, ನನಗೂ ಬರಲಿಲ್ಲ. ಹೊರಗೆ ಯಾರೋ ಸೈಕಲ್ಲಿನಲ್ಲಿ ಸೊಪ್ಪು ಕೂಗಿಕೊಂಡು ಹೋದರು.

ಆಗ ಸಹಾಯ ಎತ್ತಿಕೊಂಡಳು. ಶಾಲೆಯಲ್ಲಿ ಕಲಿತ ತಮಿಳಿನಲ್ಲಿ, ಶಾಲೆಯಲ್ಲಿ ಹೇಳುವ ಹಾಗೇ ಕಿರುಚಿ, ಜಪದ ಮೊದಲರ್ಧವನ್ನು ಒಂದೇ ಉಸಿರಿಗೆ ಹೇಳಿ ಮುಗಿಸಿದಳು. ಅಜ್ಜಿ ಅವಳ ಕಡೆ ನೋಡಿದಳು. ಆಮೇಲೆ ಉಳಿದರ್ಧವನ್ನು ಕನ್ನಡದಲ್ಲಿ ಹೇಳಿದಳು. ಹಾಗೇ ಕೊನೆಯ ಮಣಿಯವರೆಗೂ ಹೋದೆವು, ಒಬ್ಬಳದು ತಮಿಳು, ಒಬ್ಬಳದು ಕನ್ನಡ. ನಾನು ಎರಡಕ್ಕೂ ತುಟಿ ಆಡಿಸಿದೆ.

ಫೋನು ರಿಂಗಾದದ್ದು ನೆರಳು ಗಲ್ಲಿಯ ಆಚೆ ಗೋಡೆ ಹತ್ತಿದ ಮೇಲೆ. ಸೆಲ್ವಿ ಅಕ್ಕ ಓಡಿಹೋಗಿ ಕೇಳಿಕೊಂಡು ಬಂದಳು. ಪಾತ್ರೆ ತಿಕ್ಕುತ್ತಿದ್ದ ಕೈಯ ಬೂದಿ ಮೊಣಕೈವರೆಗೂ ಇತ್ತು.

“ಉಯಿರುಕ್ಕು ಒಣ್ಣುಮಿಲ್ಲೆ ಪಾಟಿ” ಎಂದಳು. ಜೀವಕ್ಕೇನೂ ತೊಂದರೆಯಿಲ್ಲ.

“ಕಾಲು?”

ಸೆಲ್ವಿ ಅಕ್ಕ ಬೂದಿಯ ಕೈಯಲ್ಲೇ ಅಜ್ಜಿಯ ಕೈ ಹಿಡಿದುಕೊಂಡಳು. ಅಜ್ಜಿ ತಲೆಯಾಡಿಸಿದಳು. ಒಳಗೆ ಹೋಗಿ ನೀರು ಕುಡಿದಳು. ಬೆಳಿಗ್ಗೆಯಿಂದ ಅವಳು ಬಾಯಿಗೆ ಹಾಕಿದ್ದು ಅದೇ ಮೊದಲು.

ಸಹಾಯ ಕಿಟಕಿಕಟ್ಟೆಯ ಹತ್ತಿರ ಹೋದಳು. ಅರಸರ ಮುಂದೆ ನಿಂತಳು. “ಇವ್ರು ಬಂದ್ಬಿಟ್ರಲ್ಲ ಅಜ್ಜಿ. ಇಷ್ಟು ಹತ್ರ ಬಂದ್ರಲ್ಲ. ಆಮೇಲೂ ಯಾಕೆ ತೆಗ್ದ್ರು?”

ಈ ಪ್ರಶ್ನೆಯನ್ನು ನಾನೂ ಕೇಳಬೇಕೆಂದಿದ್ದೆ, ಧೈರ್ಯವಿರಲಿಲ್ಲ. ಅಜ್ಜಿ ನೆಲದ ಮೇಲೆ ಕೂತು ಅವಳನ್ನು ತೊಡೆಗೆ ಎಳೆದುಕೊಂಡಳು. ಉಪದೇಶದ ಕಂಠವಲ್ಲ ಅವಳದು. ಅಕ್ಕಿ ಅಳೆಯುವಾಗ ಮಾತಾಡುವ ಹಾಗೆ ಮಾತಾಡಿದಳು.

“ಈ ಅರಸ್ರು ಬಂದು ಹೋದ್ಮೇಲೆ ಏನಾಯ್ತು ಗೊತ್ತಾ? ಹೆರೋದ ರಾಜನ ದಂಡು ಬಂದು ಎಳೆಕೂಸುಗಳ್ನ ಕೊಂದಾಕ್ತು. ಕೂಸು ಹುಟ್ಟಿದ ಊರಲ್ಲೇ ಮನೆಮನೇಲಿ ಅಳು ಬಿತ್ತು. ಯೇಸುಸ್ವಾಮೀನ ಎತ್ಕೊಂಡು ಅವ್ರಪ್ಪ ಅಮ್ಮ ಗೊತ್ತಿಲ್ದ ದೇಶಕ್ಕೆ ಓಡಿದ್ರು.”

“ಅದು ಹಾಡಲ್ಲಿ ಇಲ್ವಲ್ಲ.”

“ಹಾಡಲ್ಲಿ ಇಲ್ಲ. ಬೈಬಲ್ಲಲ್ಲಿ ಐತೆ. ಹಬ್ಬದ ಕತೆ ಕೆಡ್ತದೆ ಅಂತ ಅದನ್ನ ಬಿಟ್ಟುಬಿಡಬೋದಿತ್ತು, ಬಿಟ್ಟಿಲ್ಲ. ಮುಚ್ಚಿಡ್ದೆ ಬರ್ದವ್ರೆ. ಅದಕ್ಕೇ ನಾನು ನಂಬೋದು. ಚೆನ್ನಾಗಿರೋ ಮನೇಲಿ ಮಾತ್ರ ಇರ್ತೀನಿ ಅನ್ನೋ ದೇವ್ರಾಗಿದ್ರೆ ಅವ್ನು ಗೋದಲೀಲಿ ಯಾಕೆ ಹುಟ್ತಿದ್ದ? ಈಗ ನಿಮ್ಮಪ್ಪನ ಮಂಚದತ್ರ ಅವ್ನೇ ಕೂತವ್ನೆ. ಎದ್ದು ಹೋಗಲ್ಲ.”

ಸಹಾಯಳಿಗೆ ಸಮಾಧಾನವಾಯಿತೆಂದು ಹೇಳಲಾರೆ. ಅಳುತ್ತಲೇ ಅಜ್ಜಿಯ ತೊಡೆಯ ಮೇಲೆ ನಿದ್ದೆ ಹೋದಳು. ಅಜ್ಜಿ ಎದ್ದೇಳದೆ ಹಾಗೇ ಕೂತಿದ್ದಳು, ದೀಪ ಹಚ್ಚುವ ಹೊತ್ತು ಮೀರಿದ ಮೇಲೂ. ನಕ್ಷತ್ರದ ಸ್ವಿಚ್ಚು ನಾನೇ ಹಾಕಿದೆ.

ಅರಸರ ಹಬ್ಬ ಬಂತು. ಜಪಸರ ಮುಗಿಸಿ ನಾನು ಅರಸರನ್ನು ಗೋದಲಿಗೆ ತರಲು ಎದ್ದೆ. ಅಜ್ಜಿ ಕೈ ಅಡ್ಡ ಹಿಡಿದಳು.

“ಅಲ್ಲೇ ಇರ್ಲಿ.”

“ಇವತ್ತೇ ಹಬ್ಬ ಅಜ್ಜಿ.”

“ಮನೆ ಯಜಮಾನ ಇಲ್ದೆ ಬಂದೋರ್ನ ಒಳಕ್ಕೆ ಕರ್ಯೋದು ಹೆಂಗೆ? ಕಿಟಕೀಲೇ ಇರ್ಲಿ. ಕಾಯ್ತಾರೆ.”

ಹಾಗೆ ಅರಸರು ನಿಂತರು. ಗೋದಲಿಯ ಹುಲ್ಲು ಒಣಗಿ ಪುಡಿಯಾಯಿತು. ನಕ್ಷತ್ರದ ಒಂದು ಮೂಲೆ ಮಂಜಿಗೆ ನೆನೆದು ಜೋತುಬಿತ್ತು. ಚರ್ಚಿನವರ ಮನೆಗಳಲ್ಲೆಲ್ಲ ನಕ್ಷತ್ರ ಬಿಚ್ಚಿದರು. ಪೊಂಗಲ್ ಬಂತು, ಸೆಲ್ವಿ ಅಕ್ಕ ಕಬ್ಬು ತಂದುಕೊಟ್ಟಳು. ಮನೆಯ ಓನರಮ್ಮ ಬಂದು, “ಇನ್ನುಮಾ ಕ್ರಿಸ್‌ಮಸ್?” ಎಂದು ನಕ್ಕರು. ಅಜ್ಜಿ, “ಹೂನಮ್ಮ, ನಮ್ದು ಸ್ವಲ್ಪ ನಿಧಾನ” ಎಂದಳು. ಕಜ್ಜಾಯದ ಡಬ್ಬದ ತಳದಲ್ಲಿ ನಾಲ್ಕು ಉಳಿದಿದ್ದವು. ಅವನ್ನು ಮುಟ್ಟಲು ಬಿಡಲಿಲ್ಲ.

ಜನವರಿ ಮುಗಿಯುತ್ತ ಬಂದಾಗ ಒಂದು ಮಧ್ಯಾಹ್ನ ಆಟೋ ಬಂತು. ದುರೈ ಮಾಮ ಒಂದು ಕಡೆ, ಅಮ್ಮ ಒಂದು ಕಡೆ. ಅಪ್ಪ ಕಂಕುಳಲ್ಲಿ ಊರುಗೋಲು ಇಟ್ಟುಕೊಂಡು ಇಳಿದರು. ಲುಂಗಿಯ ಒಂದು ಬದಿ ಗಾಳಿಗೆ ಅಲ್ಲಾಡಿತು. ನಾನು ಅಲ್ಲಿ ನೋಡಬಾರದೆಂದು ಮೇಲೆ ನೋಡಿದೆ. ಅಪ್ಪ ಕೂಡ ಮೇಲೇ ನೋಡುತ್ತಿದ್ದರು, ಹಗಲಲ್ಲಿ ಉರಿಯುತ್ತಿದ್ದ ಹರಕು ನಕ್ಷತ್ರವನ್ನು.

“ಇನ್ನೂ ಬಿಚ್ಚಿಲ್ವೇನವ್ವ? ಜನ ಏನಂದ್ಕೋತಾರೆ?”

“ಜನಕ್ಕೇನು, ಅವ್ರ ಹಬ್ಬ ಮುಗೀತು. ನಮ್ಮನೇಲಿ ಅರಸ್ರು ಕಿಟಕೀಲಿ ನಿಂತು ಕಾಲು ನೋಯಿಸ್ಕೊಂಡವ್ರೆ. ಬಾ, ಬಂದು ಒಳಕ್ಕೆ ಕರಿ.”

ಅಪ್ಪ ನಕ್ಕರು. ಆ ನಗು ಅರ್ಧಕ್ಕೆ ಒಡೆದು ಅಳುವಾಯಿತು. ಅವರು ಅಳುವುದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಗೋದಲಿಯ ಮುಂದೆ ಗೋಡೆ ಹಿಡಿದು ನಿಧಾನವಾಗಿ ಕೂತರು. ಸಹಾಯ ಒಬ್ಬೊಬ್ಬ ಅರಸನನ್ನೇ ತಂದು ಅವರ ಕೈಗೆ ಕೊಟ್ಟಳು.

ಅಪ್ಪ ಮೊದಲನೆಯವನನ್ನು ಕೂಸಿನ ಕಡೆ ಮುಖ ಮಾಡಿ ಇಟ್ಟರು. ಪ್ರತಿ ವರ್ಷ ನಮ್ಮ ಕಡೆಗೇ ಮುಖ ಇರುತ್ತಿತ್ತು, ಕೂಸಿಗೆ ಪಕ್ಕೆ. ಈಗ ಟೊಳ್ಳು ನಮ್ಮ ಕಡೆ ಬಂತು. ನಾರು, ರೀಪು, ಕತ್ತಲೆ. ಅಪ್ಪ ಅದರೊಳಗೆ ಬೆರಳು ಹಾಕಿದರು.

“ಇದನ್ನೇ ಅಲ್ವಾ ನಾನು ತುಳ್ದಿದ್ದು” ಎಂದರು.

ಅಜ್ಜಿ ಉಳಿಸಿದ್ದ ಕಜ್ಜಾಯ ತಂದಿಟ್ಟಳು. ಅಪ್ಪ ಕಚ್ಚಿ ನೋಡಿ, “ಇದನ್ನ ಇಟ್ಟಿದ್ರೆ ಬಾಲ್ಕನಿ ಬೀಳ್ತಿರ್ಲಿಲ್ಲ” ಎಂದರು. ಅಮ್ಮ ಎಷ್ಟೋ ದಿನಗಳ ಮೇಲೆ ನಕ್ಕಳು.

ಮರುದಿನವೇ ಅಪ್ಪ ದುರೈ ಮಾಮನಿಂದ ಪ್ಲಾಸ್ಟರ್ ತರಿಸಿದರು. ಕೂತಲ್ಲೇ ಬಾಂಡ್ಲಿಯಲ್ಲಿ ಕಲಸಿ ಅರಸರಿಗೆ ಬೆನ್ನು ಮಾಡತೊಡಗಿದರು. ಮನೆಗೆ ಬಂದ ಮೇಲೆ ಅವರು ಮಾಡಿದ ಮೊದಲ ಕೆಲಸ ಅದು. ಒದ್ದೆ ಪ್ಲಾಸ್ಟರಿನ ತಣ್ಣನೆಯ ವಾಸನೆ ಮನೆ ತುಂಬಿತು. ಭುಜದ ಮೇಲೆ ನಿಲುವಂಗಿಯ ಮಡಿಕೆ, ಬೆನ್ನ ಮೇಲೆ ಬುತ್ತಿಯ ಗಂಟು, ಹಿಮ್ಮಡಿಯ ಬಿರುಕು ಕೂಡ ಬಿಡಿಸಿದರು.

“ಕ್ಯಾಮೆರಾ ಹಿಂದಕ್ಕೆ ಬರಲ್ವಲ್ಲಪ್ಪ” ಎಂದಳು ಸಹಾಯ.

“ಬರಲ್ಲ. ಆದ್ರೆ ಅವ್ರು ವಾಪಸ್ ಹೋಗ್ಬೇಕಲ್ಲ ಮಗ, ಬೇರೆ ದಾರೀಲಿ. ಹೋಗುವಾಗ ಕಾಣೋದು ಬೆನ್ನೇ.”

ಅಪ್ಪ ಮತ್ತೆ ಸ್ಟುಡಿಯೋದ ಏಣಿ ಹತ್ತಲಿಲ್ಲ. ಕೂತಲ್ಲೇ ಗೊಂಬೆ ಮಾಡಿ ಚರ್ಚುಗಳಿಗೆ, ಮನೆಗಳಿಗೆ ಕೊಟ್ಟರು. ಕೈ ಬಿಗಿಯಾಗಿಯೇ ಇತ್ತು, ನಾವು ಹೇಗೋ ಬೆಳೆದೆವು. ಆಮೇಲೆ ಅವರ ಕೈಯಿಂದ ಬಂದ ಯಾವ ಗೊಂಬೆಗೂ ಟೊಳ್ಳು ಬೆನ್ನಿರಲಿಲ್ಲ.

ಈಗ ಅಜ್ಜಿ ಇಲ್ಲ, ಅಪ್ಪ ಇಲ್ಲ. ಆ ಸ್ಟುಡಿಯೋ ಗೋಡೆಯ ಜಾಗದಲ್ಲಿ ಎತ್ತರದ ಅಪಾರ್ಟ್‌ಮೆಂಟು ನಿಂತಿದೆ. ಕೋಲ ಹಾಕುವಷ್ಟು ನೆಲ ಅಲ್ಲಿಲ್ಲ. ನಕ್ಷತ್ರಗಳು ಪ್ಲಾಸ್ಟಿಕ್ಕಿನವು, ಇಪ್ಪತ್ತಾರನೇ ತಾರೀಖೇ ಡಬ್ಬಿಗೆ ಹೋಗುತ್ತವೆ. ನನ್ನ ಮನೆಯಲ್ಲಿ ಜಪಸರ ಹೊತ್ತಿಗೆ ಸರಿಯಾಗಿ ನಡೆಯುತ್ತದೆ. ಆದರೆ ಹೊತ್ತನ್ನು ಯಾವಾಗ ಮುರಿಯಬೇಕೆಂದು ತಿಳಿದವಳು ಅಜ್ಜಿ, ನಾನಲ್ಲ. ಒಬ್ಬ ಮನುಷ್ಯ ಬರುವವರೆಗೆ ಹಬ್ಬವನ್ನೇ ತಡೆದು ನಿಲ್ಲಿಸುವ ಗಟ್ಟಿತನ ಈಗ ನಮ್ಮಲ್ಲಿ ಯಾರಿಗಿದೆಯೋ ಕಾಣೆ.

ಅರಸರು ಮಾತ್ರ ಇದ್ದಾರೆ. ಈಗ ಅವರು ಅಡ್ಡಡ್ಡ ಸರಿಯುವುದಿಲ್ಲ. ನಮಗೆ ಬೆನ್ನು ಹಾಕಿ ನೇರವಾಗಿ ನಡೆಯುತ್ತಾರೆ. ಬಂದ ನೆಂಟರು ಯಾರೋ ತಪ್ಪಿಟ್ಟಿದ್ದಾರೆಂದು ತಿರುಗಿಸುತ್ತಾರೆ, ಅವರು ಹೋದ ಮೇಲೆ ನಾನು ಮತ್ತೆ ಸರಿಮಾಡುತ್ತೇನೆ. ಮೂರನೆಯ ಅರಸನ ಬುತ್ತಿಗಂಟಿನ ಕೆಳಗೆ ಅಪ್ಪನ ಹೆಬ್ಬೆರಳಿನ ಗುರುತು ಉಳಿದುಕೊಂಡಿದೆ. ಆಗ ಅದರಲ್ಲಿ ನನ್ನ ಎರಡು ಬೆರಳು ಹಿಡಿಯುತ್ತಿದ್ದವು.

ಮದರಾಸಿನ ಮಣಲಿಯಲ್ಲಿರುವ ಸಹಾಯ ಕ್ರಿಸ್‌ಮಸ್ ಕಳೆದ ಮೇಲೆ ದಿನಾ ಸಂಜೆ ಫೋನು ಮಾಡುತ್ತಾಳೆ. ಕ್ಷೇಮ ಸಮಾಚಾರ ಆಮೇಲೆ. ಮೊದಲು ಕೇಳುವುದು, “ಅಕ್ಕಾ, ಅರಸ್ರು ಎಲ್ಲಿಗೆ ಬಂದ್ರು?”

“ಕಿಟಕಿಗೆ.”

“ನೀನು ಹಿಂದಕ್ಕೆ ಇಟ್ಟಿಲ್ಲ ತಾನೆ?”

“ಇಲ್ಲ ಕಣೆ” ಎನ್ನುತ್ತೇನೆ. “ನೀನು ಬರೋವರ್ಗೂ ಅಲ್ಲೇ ಇರ್ತಾರೆ.”